ತೊಟ್ಟಿಗೆ ಇಳಿಯದ ಕಂದೀಲು

"ಟಪ್!"

ಹಪ್ಪಳ ಮುರಿದಷ್ಟೇ ಸದ್ದು. ಆದರೂ ಇನ್ಸ್‌ಪೆಕ್ಟರ್ ಕೆಂಚವೀರಪ್ಪ ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಮೊಗಚಿ ಹಿಡಿದ ಗಾಜಿನ ಕೊಳವೆಯ ಬಾಯಲ್ಲಿ ಕಂಡೂ ಕಾಣದಂಥ ನೀಲಿ ನಾಲಗೆಯೊಂದು ಹೊರಳಿ, ಬಂದ ಹಾಗೇ ಮಾಯವಾಯಿತು.

"ಏನ್ ಮೇಡಂ ಇದು! ಒಂದು ಮಾತು ಹೇಳಿ ಹಚ್ಚಬಾರದಾ?"

"ಹೇಳಿದ್ರೆ ನೀವು ಕಣ್ಣು ಮುಚ್ಕೊಂತಿದ್ರಿ ಸಾರ್. ನೀವು ನೋಡಬೇಕಿತ್ತು." ಪುಷ್ಪಲತಾ ಕಡ್ಡಿಯನ್ನು ನೀರಿಗೆ ಅದ್ದಿದಳು. "ಇದು ಒಂದು ಸಿರಿಂಜಿನಷ್ಟು ಗಾಳಿ. ಹರಿಹರದ ತೊಟ್ಟಿಯೊಳಗೆ ಇರೋದು ಒಂದು ಕೋಣೆ ತುಂಬುವಷ್ಟು."

ಭತ್ತದ ಹುಲ್ಲನ್ನು ಬೂಷ್ಟಿನಿಂದ ಕೊಳೆಸಲು ಅಕ್ಕಿ ಸಾವ್ಕಾರರ ಕಾರ್ಖಾನೆಯಲ್ಲಿ ಅವಳು ಕಟ್ಟಿಸಿದ್ದ ಆ ತೊಟ್ಟಿಯೊಳಗೇ, ಅಲ್ಲೇ ಕೆಲಸಕ್ಕಿದ್ದ ಅವಳ ತಮ್ಮ ದಿನೇಶ್ ಹೆಣವಾಗಿ ಸಿಕ್ಕಿದ್ದ. ಉಸಿರುಕಟ್ಟಿ ಸತ್ತ ಎಂದು ಡಾಕ್ಟರು ಬರೆದಾಗಿತ್ತು. ತನ್ನ ಅಜಾಗ್ರತೆಯಿಂದಲೇ ಸತ್ತ ಎಂದು ಪೊಲೀಸರು ಬರೆಯುವುದು ಬಾಕಿಯಿತ್ತು.

ನಿಜಲಿಂಗಪ್ಪ ಬಡಾವಣೆಯ ಆ ಮನೆಯ ಹಿಂದಿನ ಕೋಣೆಯೇ ಪುಷ್ಪಲತಾಳ ಪ್ರಯೋಗಶಾಲೆ. ಗೋಡೆಗೆ ಹರಿಹರೇಶ್ವರನ ಪಟ, ಅದರ ಕೆಳಗೆ ಬಿಗಿಯಾಗಿ ರಬ್ಬರು ಬಿರಡೆ ಹಾಕಿದ ಬಾಟಲಿಗಳ ಸಾಲು. ಮೇಜಿನ ಮೇಲೆ ಇನ್ಸ್‌ಪೆಕ್ಟರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಒಂದು ಹಳೆಯ ಕಂದೀಲು. ಅದರ ಕೊರಳಿಗೆ ಪುಂಡಿ ನಾರಿನ ಹಗ್ಗ.

ಈ ಕಂದೀಲೇ ದಿನೇಶನ ಸಾವಿಗೆ ಷರಾ ಬರೆದಿತ್ತು. ತೊಟ್ಟಿಯ ಬಾಯಿಯ ಪಕ್ಕದಲ್ಲಿ ಇದು ಆರಿ ಕುಳಿತಿದ್ದನ್ನು ಕಂಡವರೆಲ್ಲ ಒಂದೇ ಮಾತು ಆಡಿದ್ದರು: ಹಗೇವು ತೆಗೆಯೋ ಮನೆತನದ ಹುಡುಗ, ಪದ್ಧತಿ ಪ್ರಕಾರ ದೀಪ ಇಳಿಸಿ ನೋಡಿದಾನೆ, ದೀಪ ಆರಿದೆ, ಆದರೂ ಹುಂಬತನದಿಂದ ಇಳಿದಿದಾನೆ.

ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ಕಾಲವನ್ನು ಕಂಡವರು ಈಗಲೂ ಇದ್ದಾರೆ. ಆ ಹಗೇವನ್ನು ತೆಗೆದ ದಿನ ಯಾರೂ ನೇರ ಇಳಿಯುತ್ತಿರಲಿಲ್ಲ. ಮೊದಲು ಕಂದೀಲು ಇಳಿಸುವುದು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಅಲ್ಲಿ ಯಮ ಕೂತಿದ್ದಾನೆ ಎಂದು ಕೈ ಮುಗಿದು ಹಿಂದೆ ಸರಿಯುವುದು.

"ಹಗೇವಿನಲ್ಲಿ ದೀಪ ಆರೋದು ಖರೆ," ಕೆಂಚವೀರಪ್ಪ ಎಂದರು. "ನಮ್ಮಜ್ಜನೂ ಹೇಳ್ತಿದ್ದ. ಇಲ್ಲೂ ಆರಿರಬಹುದಲ್ಲ?"

"ಜೋಳದ ಕಾಳು ಸತ್ತಿರಲ್ಲ ಸಾರ್. ಅದು ಉಸಿರಾಡ್ತದೆ. ಮುಚ್ಚಿದ ಹಗೇವಿನೊಳಗಿನ ಒಳ್ಳೇ ಗಾಳೀನೆಲ್ಲ ಕುಡಿದು ಮುಗಿಸ್ತದೆ. ಅದಕ್ಕೇ ದೀಪಕ್ಕೆ ಏನೂ ಉಳಿಯಲ್ಲ. ನನ್ನ ತೊಟ್ಟಿಯೊಳಗೆ ಇರೋ ಬೂಷ್ಟು ಉಸಿರೇ ಆಡಲ್ಲ."

"ಉಸಿರಾಡದೆ ಬದುಕೋದು ಹೆಂಗೆ ಮೇಡಂ? ಅದೇನು ಯೋಗಿನಾ?"

ಪುಷ್ಪಲತಾ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಒಳಗೆ ಭತ್ತದ ಹುಲ್ಲಿನ ಚೂರುಗಳಿಗೆ ಹತ್ತಿಯಂಥದ್ದು ಏನೋ ಅಂಟಿಕೊಂಡಿತ್ತು.

"ನಮ್ಮ ಮೈಯ ಕಣಕಣದೊಳಗೂ ಸಣ್ಣ ಒಲೆಗಳಿವೆ. ಮೈಟೋಕಾಂಡ್ರಿಯ ಅಂತಾರೆ. ಉಂಡಿದ್ದನ್ನ ಗಾಳಿ ಜೊತೆ ಉರಿಸಿ ಶಕ್ತಿ ಕೊಡೋದು ಅವೇ. ಈ ಬೂಷ್ಟು ನಂದಿಗುಡಿಯ ಒಂದು ಎಮ್ಮೆ ಹೊಟ್ಟೆಯೊಳಗಿಂದ ತಂದಿದ್ದು. ಅಲ್ಲಿ ಗಾಳಿ ಎಲ್ಲಿಂದ ಬರಬೇಕು? ಯಾವ ಕಾಲದಲ್ಲೋ ಇದರ ಹಿರೀಕರು ಆ ಒಲೇನ ಬಿಟ್ಟುಕೊಟ್ಟಿವೆ. ಅದರ ಜಾಗದಲ್ಲಿ ಒಂದು ಸಣ್ಣ ಚೀಲ ಉಳಿದೈತೆ, ಹೈಡ್ರೋಜಿನೋಸೋಮ್ ಅಂತ. ಅದು ಹುಲ್ಲಿನ ಸಕ್ಕರೇನ ಉರಿಸಲ್ಲ, ಬರೀ ಮುರೀತದೆ. ಮುರಿಯೋವಾಗ ಸಿಗೋ ಚೂರುಪಾರು ಶಕ್ತಿಯಲ್ಲೇ ಜೀವನ. ಮಿಕ್ಕಿದ್ದನ್ನ ಹೈಡ್ರೋಜನ್ ಮಾಡಿ ಹೊರಗೆ ದೂಡ್ತದೆ."

"ಬೆಂಕಿ ತಗುಲಿದ್ರೆ ಟಪ್ ಅನ್ನೋದು ಅದೇ?"

"ಅದೇ. ತೊಟ್ಟಿಯ ಬಾಯಿ ತೆಗೆದು, ಒಳಗಿನ ಗಾಳಿ ಹೊರಗಿನ ಗಾಳಿ ಸೇರೋ ಕಡೆ ಉರಿಯೋ ಕಂದೀಲು ಹಿಡಿದ್ರೆ ಅದು ಆರೋದಲ್ಲ ಸಾರ್, ಸಿಡೀತದೆ. ಆ ಕಬ್ಬಿಣದ ಮುಚ್ಚಳ ಹಾರಿ ಹೊಳೆಗೆ ಬೀಳ್ತಿತ್ತು."

ಕೆಂಚವೀರಪ್ಪ ಚೀಲ ಬಿಚ್ಚಿದರು. ಇಬ್ಬರೂ ಕಂದೀಲಿನ ಮೇಲೆ ಬಾಗಿದರು.

ಗಾಜು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. ಒಂದು ಬಿರುಕಿಲ್ಲ. ತೊಟ್ಟಿಯ ಮುಚ್ಚಳದ ರಬ್ಬರು ಬಳೆ ಕಮರಿರಲಿಲ್ಲ ಎಂಬುದನ್ನು ಇನ್ಸ್‌ಪೆಕ್ಟರೇ ಪಂಚನಾಮೆಯಲ್ಲಿ ಬರೆಸಿದ್ದರು. ದಿನೇಶನ ಹುಬ್ಬು, ರೆಪ್ಪೆ, ಮುಂಗೈಯ ಕೂದಲು ಎಲ್ಲ ಹಾಗೇ ಇದ್ದವು. ಅದನ್ನು ಪುಷ್ಪಲತಾ ತಾನೇ ಕಂಡಿದ್ದಳು. ತಮ್ಮನ ಮುಖ ಒರೆಸಿದವಳು ಅವಳೇ.

ಹಗ್ಗದ ಗಂಟನ್ನೂ ನೋಡಿದಳು. ಹಿಡಿಕೆಗೆ ಎರಡು ಸುತ್ತು, ಎಣ್ಣೆ ಬಟ್ಟಲಿಗೆ ಅಡ್ಡಡ್ಡ ಒಂದು ಸುತ್ತು. ಇಳಿಸುವಾಗ ಕಂದೀಲು ಓಲಾಡದ ಹಾಗೆ ಕಟ್ಟಿದ ಗಂಟು. ಕಣ್ಣು ನೋಡಿತು, ಮೊಬೈಲಿನಲ್ಲಿ ಫೋಟೋ ಕೂಡ ತೆಗೆದುಕೊಂಡಳು. ಆದರೆ ಮನಸ್ಸು ಇನ್ನೂ ಆ ಗಾಜಿನ ಮೇಲೇ ಇತ್ತು.

"ಅಂದ್ರೆ ಈ ಕಂದೀಲು ತೊಟ್ಟಿಯ ಮುಖಾನೇ ನೋಡಿಲ್ಲ," ಕೆಂಚವೀರಪ್ಪ ನಿಧಾನವಾಗಿ ಹೇಳಿದರು. "ಹುಡುಗ ಸತ್ತ ಮೇಲೆ ಯಾರೋ ತಂದು ಇಟ್ಟಿದಾರೆ."

"ಹಗೇವಿನ ಗುಣ ಗೊತ್ತಿದ್ದು, ನನ್ನ ತೊಟ್ಟಿಯ ಗುಣ ಗೊತ್ತಿಲ್ಲದೋರು."

"ಯಾರ ಮೇಲೆ ಅನುಮಾನ?"

"ದೀಪ ಆರಿತ್ತು, ಆದ್ರೂ ಹುಡುಗ ಇಳಿದ ಅಂತ ಮೊದಲು ಬಾಯಿ ಬಿಟ್ಟೋರು ಯಾರು ಸಾರ್? ಕಾರ್ಖಾನೆ ಯಜಮಾನರು. ಅವರಪ್ಪನ ಕಾಲದಲ್ಲಿ ಹಗೇವು ಇದ್ದದ್ದೂ ಅವರಿಗೇ."

ಕೆಂಚವೀರಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ವಾಮದೇವಪ್ಪನೋರ ಮೈ ಮುಟ್ಟೋಕೆ ನನಗೆ ಇಷ್ಟು ಸಾಲದು. ನಾಳೆ ಬೆಳಿಗ್ಗೆ ತೊಟ್ಟಿ ಖಾಲಿ ಮಾಡಿಸೋಕೆ ಆರ್ಡರ್ ಆಗೈತೆ. ಅದಕ್ಕೆ ಮುಂಚೆ ನೀವು ಹೋಗಿ ಸ್ಯಾಂಪಲ್ ತಗಳ್ರಿ, ಅಪ್ಪಣೆ ಕೊಡಿಸೀನಿ. ಅವತ್ತು ಬಾಯಿ ತೆಗೆದಿದ್ದರಲ್ಲ, ಬೂಷ್ಟು ಸತ್ತಿರಲ್ವಾ?"

"ಮೇಲಿಂದು ಸತ್ತೈತೆ. ಗಾಳಿ ತಗುಲಿದ್ರೆ ಅದಕ್ಕೆ ವಿಷ. ಆದ್ರೆ ಹುಲ್ಲಿನೊಳಗೆ ಬೇರು ಬಿಟ್ಟಿದ್ದು ಉಳಿದೈತೆ. ನೀವು ಮುಚ್ಚಿಸಿ ಸೀಲ್ ಹಾಕಿದ ಮೇಲೆ ಗಾಳಿ ಒತ್ತಡದ ಮುಳ್ಳು ಮತ್ತೆ ಏರೈತೆ."

"ಹಂಗಾದ್ರೆ ಹುಷಾರು. ಇನ್ನೊಂದು ಮಾತು, ಈ ಟಪ್ ಅನ್ನೋ ವಿಷಯ ನಮ್ಮಿಬ್ಬರ ನಡುವೇ ಇರಲಿ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಸಾವ್ಕಾರ್ರನ್ನ ಬರೀ ಮಾತಾಡಿಸಿ ಬರ್ರಿ ಮೇಡಂ. ನನಗೆ ಇನ್ನೊಂದು ಕೇಸು ಬ್ಯಾಡ."

ಪುಷ್ಪಲತಾ ನಗಲಿಲ್ಲ.

ಅವಳು ಸ್ವಭಾವತಃ ಮೆತ್ತಗಿನವಳು. ಇರುವೆ ಸಾಲು ಕಂಡರೆ ದಾಟಿ ಹೋಗುವವಳು. ಆದರೆ ತಮ್ಮನನ್ನು ಮಣ್ಣಿಗಿಟ್ಟ ದಿನದಿಂದ ಎದೆಯೊಳಗೆ ಏನೋ ಬೇರೆಯದೇ ಬದುಕುತ್ತಿತ್ತು. ಅದಕ್ಕೆ ಗಾಳಿ ಬೇಕಿರಲಿಲ್ಲ, ಅನ್ನ ಬೇಕಿರಲಿಲ್ಲ. ಕತ್ತಲಲ್ಲಿ ಕೂತು ನೆನಪನ್ನೇ ಮುರಿದು ತಿನ್ನುತ್ತಿತ್ತು. ಹರಿಹರೇಶ್ವರನ ಗುಡಿಗೆ ಹೋದಾಗಲೂ ಆ ಒಂದೇ ಕಲ್ಲಿನಲ್ಲಿ ಅರ್ಧ ನಿಂತಿರುವ ಹರಿಯ ಕಡೆಗೆ ಅವಳು ಕಣ್ಣೆತ್ತಲಿಲ್ಲ. ಹರನ ಅರ್ಧಕ್ಕೆ ಮಾತ್ರ ಕೈ ಮುಗಿದು, ಕೊಂದವರನ್ನು ನನ್ನ ಕೈಗೆ ಕೊಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಬೇಡಿ ಬಂದಿದ್ದಳು.

*

ಹೊರಗೆ ಸೋದರಮಾವ ದುರುಗಣ್ಣನ ಗೂಡ್ಸ್ ಆಟೋ ಕಾಯುತ್ತಿತ್ತು.

"ಮೊದ್ಲು ಎರಡು ತುತ್ತು ತಿನ್ನು ಪುಷ್ಪವ್ವ. ಲಕ್ಷ್ಮೀದೇವಿ ರೊಟ್ಟಿ ಕಟ್ಟಿ ಕಳಿಸ್ಯಾಳೆ. ಅಕ್ಕ ತಿನ್ನೋವರೆಗೂ ಡಬ್ಬಿ ವಾಪಸ್ ತರಬ್ಯಾಡ ಅಂತ ಹುಕುಂ ಆಗೈತೆ."

ಡಬ್ಬಿಯನ್ನು ಹೊಟ್ಟೆಗೆ ಆನಿಸಿಕೊಂಡು, ಎರಡೂ ಅಂಗೈಗಳಿಂದ ಒತ್ತಿ, ಅವನು ಮುಚ್ಚಳ ತೆಗೆಯಲು ಹೆಣಗಿದ. ಕೊನೆಗೆ ಪುಷ್ಪಲತಾಳೇ ಕೈಯಿಂದ ತೆಗೆದುಕೊಂಡು ತೆರೆದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ.

ಲಕ್ಷ್ಮೀದೇವಿ ದುರುಗಣ್ಣನ ಒಬ್ಬಳೇ ಮಗಳು. ದಿನೇಶನಿಗೆ ಅವಳನ್ನು ತರುವುದೆಂದು ಇಬ್ಬರೂ ತೊಟ್ಟಿಲಲ್ಲಿದ್ದಾಗಲೇ ಆಡಿದ ಮಾತು. ಹೋದ ವರ್ಷ ವೀಳ್ಯವೂ ಆಗಿತ್ತು. ವೀಳ್ಯ ಆದ ಮೇಲೆ ದಿನೇಶ್ ಒಲ್ಲೆ ಎಂದುಬಿಟ್ಟ. ಯಾಕೆಂದು ಯಾರಿಗೂ ಹೇಳಲಿಲ್ಲ. ಆ ಹುಡುಗಿ ಅತ್ತದ್ದನ್ನು ಯಾರೂ ಕಾಣಲಿಲ್ಲ. ದುರುಗಣ್ಣನೂ ಹೋಗಲಿ ಬಿಡು, ಹುಡುಗರ ಮನಸ್ಸು ಎಂದು ನಕ್ಕು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಿದ್ದ.

ದಿನೇಶ್ ಸತ್ತ ಮೇಲಂತೂ ಅವನು ತನ್ನ ಅಕ್ಕ, ದಿನೇಶನ ತಾಯಿ ದುರುಗವ್ವನ ಮನೆ ಬಾಗಿಲು ಬಿಟ್ಟು ಕದಲಿರಲಿಲ್ಲ.

ಮೂರನೆಯ ದಿನ ಸಮಾಧಿಯ ಮಣ್ಣಿನ ಗುಡ್ಡೆಗೆ ಹಾಲು ತುಪ್ಪ ಬಿಡುವುದು ಅವರ ಪದ್ಧತಿ. ಮೊದಲ ಹಾಲು ಸೋದರಮಾವನ ಕೈಯದು. ಅವತ್ತು ದುರುಗವ್ವ ಚೆಂಬನ್ನು ನೆಲಕ್ಕೆ ಬಡಿದಿದ್ದಳು. "ನನ್ನ ಮಗನ್ನ ಯಾರು ಕೊಂದ್ರು ಅಂತ ತಿಳಿಯೋವರೆಗೂ ಹಾಲಿಲ್ಲ, ತುಪ್ಪ ಇಲ್ಲ. ಅವನು ಹಸಿದುಕೊಂಡೇ ಇರಲಿ, ನಾನೂ ಹಂಗೇ ಇರ್ತೀನಿ!" ಕುಲದವರೆಲ್ಲ ಬೇಡ ಎಂದರು. ದುರುಗಣ್ಣ ಒಬ್ಬನೇ ಅಕ್ಕನ ಪರ ನಿಂತಿದ್ದ. "ಅಕ್ಕ ಹೇಳಿದ್ದೇ ಸರಿ. ಬ್ಯಾಡ. ಈಗ ಬ್ಯಾಡ," ಎಂದು ಚೆಂಬನ್ನು ತಾನೇ ಎತ್ತಿ ಒಳಗಿಟ್ಟಿದ್ದ.

"ಎಲ್ಲಿಗೆ ಹೋಗೋದು ಮಗಾ?"

"ಮಂಡಿಪೇಟೆಗೆ ಮಾವ. ವಾಮದೇವಪ್ಪನ ಅಂಗಡಿಗೆ."

ದುರುಗಣ್ಣ ಒಂದು ಕ್ಷಣ ಅವಳ ಮುಖ ನೋಡಿದ. "ಆ ಸಾವ್ಕಾರನಾ? ಅವನೇ ಅಂತ ಖಾತ್ರಿ ಆದ್ರೆ ಹೇಳು. ನಾನಿದೀನಿ. ಕೋರ್ಟು ಗೀರ್ಟು ಬ್ಯಾಡ."

"ನಾನೂ ಕೋರ್ಟಿಗೆ ಅಂತ ಹುಡುಕ್ತಿಲ್ಲ ಮಾವ," ಎಂದಳು ಪುಷ್ಪಲತಾ.

*

ಮಂಡಿಪೇಟೆಯಲ್ಲಿ ಅದು ಲಾರಿ ಇಳಿಸುವ ಹೊತ್ತು. ಹಮಾಲರ "ಹೋಯ್, ಹೋಯ್" ಕೂಗಿನ ನಡುವೆ ಆಟೋ ನಿಂತಿತು. ಎದುರಿನ ಅಂಗಡಿಯಲ್ಲಿ ಪುಷ್ಪಲತಾ ಒಂದು ಹೊಸ ಕಂದೀಲು ಕೊಂಡಳು. ಅಂಗಡಿಯವನು, "ಕರೆಂಟ್ ಹೋಗೋದು ಈಗ ಕಮ್ಮಿ ಆಗೈತಲ್ಲ ಅಕ್ಕಾ, ಇದ್ಯಾಕೆ?" ಎಂದ. ಅವಳು ದುಡ್ಡು ಕೊಟ್ಟು ರಸ್ತೆ ದಾಟಿದಳು.

ವಾಮದೇವಪ್ಪ ಗಾದಿಯ ಮೇಲೆ ಕುಳಿತಿದ್ದರು. ಹಣೆ ತುಂಬ ವಿಭೂತಿ, ಮುಂದೆ ಅಕ್ಕಿಯ ಮಾದರಿ ತಟ್ಟೆಗಳು. ಒಂದು ಚಿಟಿಕೆ ಅಕ್ಕಿ ಬಾಯಿಗೆ ಹಾಕಿ ಕಡಿಯುತ್ತ ಕಣ್ಣೆತ್ತಿದರು.

"ಬಾರವ್ವ, ಕೂಡ್ರು. ಏ, ಒಂದು ಚಾ ಹೇಳ್ರೋ."

"ಚಾ ಬ್ಯಾಡ ಸಾವ್ಕಾರ್ರೇ. ಒಂದು ಮಾತು ಕೇಳೋಕೆ ಬಂದೆ. ನನ್ನ ತಮ್ಮ ದೀಪ ಇಳಿಸಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ನೋಡೋದೇನು ಬಂತು ತಾಯಿ. ಕಂದೀಲು ಅಲ್ಲೇ ಇತ್ತು. ಆರಿತ್ತು. ಕುರುಡನಿಗೂ ತಿಳೀತದೆ."

"ಆ ತೊಟ್ಟಿಯ ಬಾಯಲ್ಲಿ ದೀಪ ಆರಲ್ಲ. ಸಿಡೀತದೆ."

ವಾಮದೇವಪ್ಪನ ದವಡೆ ನಿಂತಿತು.

ಅವಳು ಹೇಳಿದಳು. ಹೆಚ್ಚು ಹೇಳಲಿಲ್ಲ. ಇವಿಷ್ಟೇ: ಜೋಳ ಉಸಿರಾಡುತ್ತದೆ, ಈ ಬೂಷ್ಟು ಉಸಿರಾಡುವುದಿಲ್ಲ, ಬದಲಿಗೆ ಉರಿಯುವ ಗಾಳಿಯನ್ನು ಬಿಡುತ್ತದೆ. ಹೇಳಬಾರದೆಂದು ಇನ್ಸ್‌ಪೆಕ್ಟರು ಕೊಟ್ಟ ಎಚ್ಚರಿಕೆ ನೆನಪಿತ್ತು. ಆದರೆ ಮುಖ ಬಿಳಿಚಿಕೊಳ್ಳುವುದನ್ನು ನೋಡುವ ಆಸೆ ಆ ಎಚ್ಚರಿಕೆಗಿಂತ ದೊಡ್ಡದಾಗಿತ್ತು.

"ಒಳಗೆ ಬೀಡಿ, ಬೆಂಕಿಪೊಟ್ಟಣ ತರಬಾರದು ಅಂತ ದಿನೇಶ್ ಬೋರ್ಡು ಬರೆದಿದ್ನಲ್ಲ, ಅದು ಯಾಕೆ ಅಂದ್ಕೊಂಡಿದ್ರಿ?"

"ಹುಲ್ಲಿನ ಬಣವೆ ಐತಲ್ಲ, ಅದಕ್ಕೆ ಅಂದ್ಕೊಂಡಿದ್ದೆ. ಎಲ್ಲರೂ ಹಂಗೇ ಅಂದ್ಕೊಂಡಿದ್ವಿ."

"ಎಲ್ಲರಿಗೂ ಹೆದರಿಕೆ ಹುಟ್ಟಬಾರದು ಅಂತ ನಾವಿಬ್ಬರೂ ಬಿಡಿಸಿ ಹೇಳಿರಲಿಲ್ಲ. ನನ್ನ ತಮ್ಮನಿಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದೋನು ಉರಿಯೋ ಕಂದೀಲು ತರ್ತಾನಾ? ಹಗೇವು ಕಂಡೋರು ಯಾರೋ ಅದನ್ನ ಅಲ್ಲಿಟ್ಟಿದಾರೆ. ಹಗೇವು ಯಾರವು ಸಾವ್ಕಾರ್ರೇ?"

"ಏನವ್ವ, ನನ್ನ ಮೇಲೇ ಬಂದ್ಯಾ?" ವಾಮದೇವಪ್ಪ ಗಟ್ಟಿಯಾಗಿ ನಕ್ಕರು. ನಗು ಗಂಟಲಲ್ಲೇ ಒಡೆಯಿತು. ಹಮಾಲನೊಬ್ಬ ತಿರುಗಿ ನೋಡಿದ. "ದನಿ ತಗ್ಗಿಸು. ಅಂಗಡಿ ಇದು."

"ನನ್ನವ್ವ ಮಗನ ಗುಡ್ಡೆಗೆ ಹಾಲು ಬಿಟ್ಟಿಲ್ಲ. ನನಗೆ ಅಂಗಡಿ ಕಾಣ್ತಿಲ್ಲ." ಹೊಸ ಕಂದೀಲನ್ನು ಗಾದಿಯ ಮೇಲೆ, ಅಕ್ಕಿ ತಟ್ಟೆಗಳ ನಡುವೆ ಇಟ್ಟಳು. ಮೂಲೆಯಲ್ಲಿ ಬಿದ್ದಿದ್ದ ಹಗ್ಗದ ತುಂಡನ್ನು ಎತ್ತಿ ಅವರ ತೊಡೆಯ ಮೇಲೆ ಹಾಕಿದಳು. "ಹಗೇವಿಗೆ ಇಳಿಸೋ ಹಂಗೆ ಕಟ್ಟಿ ತೋರಿಸ್ರಿ."

ಅವರು ಅವಳನ್ನೇ ನೋಡಿದರು. ಆಮೇಲೆ, ತಾನು ಯಾಕೆ ಮಾಡುತ್ತಿದ್ದೇನೆಂದು ತನಗೇ ತಿಳಿಯದವರ ಹಾಗೆ, ಹಗ್ಗ ತೆಗೆದುಕೊಂಡರು. ಹಿಡಿಕೆಗೆ ಒಂದೇ ಸುತ್ತು. ಎಳೆದು, ತಿರುಚಿ, ತುದಿಯನ್ನು ಒಳಗೆ ಸಿಕ್ಕಿಸಿದರು. ಎತ್ತಿ ಹಿಡಿದರು. ಕಂದೀಲು ಕುಡುಕನ ಹಾಗೆ ಒಂದು ಕಡೆಗೆ ವಾಲಿತು, ತಟ್ಟೆಗೆ ಬಡಿದು ಅಕ್ಕಿ ಚೆಲ್ಲಿತು.

ಅದು ಚೀಲದ ಬಾಯ ಗಂಟು.

"ಹುಟ್ಟಿದಾಗಿಂದ ನಾನು ಕಟ್ಟಿದ್ದು ಇದೊಂದೇ ತಾಯಿ," ವಾಮದೇವಪ್ಪ ತಣ್ಣಗೆ ಹೇಳಿದರು. "ಹಗೇವು ನಮ್ಮವು, ಖರೆ. ಆದ್ರೆ ತೆಗೆಯೋ ದಿನ ನಮ್ಮಪ್ಪ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸ್ಕೊಂಡು ಕೂತಿರ್ತಿದ್ದ. ನಾನು ಅವನ ಪಕ್ಕ. ನಾವು ಆ ಬಾಯಿ ಹತ್ರ ಹೋದೋರೇ ಅಲ್ಲ. ಕಂದೀಲು ಇಳಿಸ್ತಿದ್ದೋನು ಬೇರೆ. ಯಾಕ, ನಿಂಗೆ ಗೊತ್ತಿಲ್ಲೇನು?"

ಪುಷ್ಪಲತಾ ಮೊಬೈಲು ತೆಗೆದಳು. ಫೋಟೋ ದೊಡ್ಡದು ಮಾಡಿದಳು. ಹಿಡಿಕೆಗೆ ಎರಡು ಸುತ್ತು, ಬಟ್ಟಲಿಗೆ ಅಡ್ಡಡ್ಡ ಒಂದು.

ಗೊತ್ತಿತ್ತು. ಎಂಟೊಂಬತ್ತು ವಯಸ್ಸಿನ ಪುಷ್ಪ ಲಂಗ ಎತ್ತಿ ಕಟ್ಟಿ ಹಗೇವಿನ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಹಗ್ಗದ ತುದಿ ಅವಳ ಕೈಗೆ ಕೊಟ್ಟು, "ಬಿಗಿ ಹಿಡಿ ಮಗಾ, ದೀಪ ಓಲಾಡಿದ್ರೆ ಸುಳ್ಳು ಹೇಳ್ತದೆ," ಎಂದಿದ್ದ ಧ್ವನಿ ಈಗಷ್ಟೇ ಆಟೋದಲ್ಲಿ ಅವಳಿಗೆ ರೊಟ್ಟಿ ತಿನ್ನು ಎಂದಿತ್ತು.

"ದೀಪ ಇಳಿಸಿದ, ಆರಿತು, ಆದ್ರೂ ಹುಡುಗ ಇಳಿದ. ಈ ಮಾತು ನಿಮಗೆ ಯಾರು ಹೇಳಿದ್ದು?" ಅವಳು ಫೋಟೋದಿಂದ ಕಣ್ಣು ತೆಗೆಯದೆ ಕೇಳಿದಳು.

"ಅವನೇ. ನಿಮ್ಮ ದುರುಗಣ್ಣ. ಅಳ್ತಾ ಬಂದ. ನಾನು ಪೂಜೆಗೆ ಕೂತಿದ್ದೆ, ಲಿಂಗದ ಮೇಲೆ ಪತ್ರಿ ಇಡ್ತಿದ್ದೆ. ಬಾಗಿಲಲ್ಲೇ ಕುಸಿದು ಕೂತ."

"ಅದಕ್ಕೆ ಮುಂಚೆ ನಿಮಗೆ ಹರಿಹರದಿಂದ ಸುದ್ದಿ ಬಂದಿತ್ತಾ?"

ವಾಮದೇವಪ್ಪ ತಟ್ಟೆಯ ಕಡೆ ಬಾಗಿದರು. ಚೆಲ್ಲಿದ ಅಕ್ಕಿಯನ್ನು ಅಂಗೈಯಿಂದ ಒಟ್ಟು ಮಾಡತೊಡಗಿದರು.

"ಸಾವ್ಕಾರ್ರೇ."

"ಪೂಜೆ ಮುಗಿದು ಪ್ರಸಾದ ತಗಂಡ ಮೇಲೆ ವಾಚ್‌ಮನ್ ಅಲ್ಲಾಬಕ್ಷ್ ಫೋನ್ ಮಾಡಿದ. ತೊಟ್ಟಿ ಮುಚ್ಚಳ ತೆಗೆದೈತೆ, ಒಳಗೆ ಯಾರೋ ಬಿದ್ದಂಗೆ ಕಾಣ್ತದೆ ಅಂದ."

ವಾಚ್‌ಮನ್ನು ಕಾಣುವ ಮೊದಲೇ ದುರುಗಣ್ಣ ಅತ್ತಿದ್ದ.

"ನಿಮಗೆ ಅವತ್ತೇ ಹೊಳೆದಿತ್ತು," ಎಂದಳು ಅವಳು.

"ಹೊಳೆದಿತ್ತು." ಅವರು ತಲೆ ಎತ್ತಲಿಲ್ಲ. "ಸೋದರಮಾವನೇ ಹಂಗಂದ ಮೇಲೆ ನನ್ನ ಕಾರ್ಖಾನೆ ಮೇಲೆ ತಪ್ಪು ಬರಲ್ಲ ಅನ್ನಿಸಿತು. ಸುಮ್ಮನಾದೆ. ಶಿವ ನೋಡ್ಕಂತಾನೆ ಅಂದ್ಕೊಂಡೆ."

"ನೋಡ್ಕಂತಾನೆ," ಪುಷ್ಪಲತಾ ಕಂದೀಲು ಎತ್ತಿಕೊಂಡಳು. "ನಿಮ್ಮ ಸರದಿ ಆಮೇಲೆ."

*

ಅವಳು ಅಂಗಡಿಯ ಮೆಟ್ಟಿಲು ಇಳಿದಳು.

ಹಾಲಿನ ಚೆಂಬು ಕಣ್ಣ ಮುಂದೆ ಬಂತು. ಬ್ಯಾಡ, ಈಗ ಬ್ಯಾಡ ಎಂದಿದ್ದು ಅಕ್ಕನ ಮೇಲಿನ ಅಕ್ಕರೆಯಿಂದಲ್ಲ. ಕೊಂದ ಕೈಯಿಂದ ಗುಡ್ಡೆಗೆ ಹಾಲು ಬಿಡಲು ಅವನಿಗೆ ಧೈರ್ಯವಿರಲಿಲ್ಲ. ಆ ಒಂದು ಹೆದರಿಕೆಯನ್ನಾದರೂ ದೇವರು ಅವನಲ್ಲಿ ಉಳಿಸಿದ್ದ. ಮಗಳ ವೀಳ್ಯ ಮುರಿದದ್ದನ್ನು ಅವನು ನಕ್ಕು ನುಂಗಿರಲಿಲ್ಲ. ಬಾಯಿ ಮುಚ್ಚಿದ ಹಗೇವಿನ ಹಾಗೆ ವರ್ಷವಿಡೀ ಒಳಗೇ ಇಟ್ಟುಕೊಂಡಿದ್ದ.

ಇನ್ಸ್‌ಪೆಕ್ಟರಿಗೆ ಫೋನ್ ಮಾಡಬೇಕಿತ್ತು. ಬೆರಳು ಅವರ ಹೆಸರಿನ ಮೇಲೆ ನಿಂತಿತು. ಆಮೇಲೆ ಅವಳು ಮೊಬೈಲನ್ನು ಚೀಲಕ್ಕೆ ಹಾಕಿದಳು. ಚೀಲದಲ್ಲಿ ತೊಟ್ಟಿಯ ಮುಚ್ಚಳದ ಕೀಲಿ ಇತ್ತು. ಕೊಳವೆಗೆ ಗೀರಿದ ಬೆಂಕಿಪೊಟ್ಟಣವೂ ಇತ್ತು.

"ಏನಂದ ಮಗಾ ಆ ಸಾವ್ಕಾರ?" ದುರುಗಣ್ಣ ಆಟೋದಿಂದ ಇಳಿದು ಬಂದ. ಅವನ ಕಣ್ಣು ಕಂದೀಲಿನ ಮೇಲೆ ಬಿತ್ತು. "ಇದ್ಯಾಕೆ?"

ಪುಷ್ಪಲತಾ ಮಾವನ ಮುಖವನ್ನು ನೋಡಿದಳು. ಎತ್ತಿ ಆಡಿಸಿದವನ ಮುಖ. ದುರುಗಮ್ಮನ ಗುಡಿಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ದೇವಿಯನ್ನು ತೋರಿಸಿದವನ ಮುಖ.

"ಅವನು ಬಾಯಿ ಬಿಡಲಿಲ್ಲ ಮಾವ. ನಾಳೆ ತೊಟ್ಟಿ ಖಾಲಿ ಮಾಡ್ತಾರೆ. ಅದಕ್ಕೆ ಮುಂಚೆ ಒಂದು ಸಲ ನಾವೇ ದೀಪ ಇಳಿಸಿ ನೋಡಬೇಕು. ದೀಪ ಆರಿದ್ರೆ ನಾನೂ ಒಪ್ಕಂತೀನಿ. ದಿನೇಶಂದೇ ತಪ್ಪು ಅಂತ ಅವ್ವನಿಗೂ ಹೇಳಿ ಹಾಲು ಬಿಡಿಸ್ತೀನಿ."

"ಖರೇನಾ?" ಅವನ ದನಿಯಲ್ಲಿ ಒಂದು ಬಿಡುಗಡೆ ಹಣಿಕಿತು. ಅದನ್ನು ಮುಚ್ಚಿಕೊಳ್ಳಲೂ ಅವನಿಗೆ ಆಗಲಿಲ್ಲ.

"ಆರ್ತದಾ ಮಾವ?"

"ಆರದೆ ಏನು! ಮುಚ್ಚಿದ ಹೊಟ್ಟೆಯೊಳಗೆ ಯಾವ ದೀಪ ಉರಿದೈತೆ ಮಗಾ? ಎಷ್ಟು ಹಗೇವು ತೆಗೆದೀನಿ ನಾನು."

ಅಲ್ಲಿಗೆ ತೀರ್ಮಾನವಾಯಿತು: ಹಗೇವಿನ ಗುಣ ಗೊತ್ತು, ತೊಟ್ಟಿಯ ಗುಣ ಗೊತ್ತಿಲ್ಲ. ಅವನು ಆ ಬಾಯಲ್ಲಿ ದೀಪ ಹಿಡಿದವನಲ್ಲ. ಹಿಡಿದಿದ್ದರೆ ಈ ಮಾತು ಆಡುತ್ತಿರಲಿಲ್ಲ, ಆಡಲು ಉಳಿದಿರುತ್ತಲೂ ಇರಲಿಲ್ಲ.

"ಹಂಗಾದ್ರೆ ನೀನೇ ಇಳಿಸು," ಎಂದಳು. ತನ್ನ ದನಿ ಎಷ್ಟು ಮೃದುವಾಗಿದೆ ಎಂದು ಅವಳಿಗೇ ಕೇಳಿಸಿತು. "ಬಾಯಿ ಹತ್ರ ನೀನು ನಿಲ್ಲು. ನಾನು ಹೊರಗೆ ಕಾಯ್ತೀನಿ. ಗಂಟು ಹಾಕೋದು ನಿನ್ನಷ್ಟು ಯಾರಿಗೂ ಬರಲ್ಲ."

ದುರುಗಣ್ಣ ನಕ್ಕ. ಎರಡೂ ಕೈಗಳನ್ನು ಅವಳ ಮುಖದ ಮುಂದೆ ಚಾಚಿದ. ಬೆರಳುಗಳು ಒಣಗಿದ ಕಟ್ಟಿಗೆಯ ಹಾಗೆ ನೆಟ್ಟಗೆ ನಿಂತಿದ್ದವು.

"ಗಂಟು ನಾನೆಲ್ಲಿ ಹಾಕ್ಲಿ ಪುಷ್ಪವ್ವ? ಹೋದ ಮಳೆಗಾಲದಲ್ಲಿ ಚಿಕೂನ್‌ಗುನ್ಯಾ ಬಂದು ಹೋದಾಗಿಂದ ಬೆರಳು ಮಡಚಲ್ಲ. ಅಂಗಿ ಗುಂಡಿ ಹಾಕೋಕೂ ಲಕ್ಷ್ಮೀದೇವಿನೇ ಬೇಕು. ಡಬ್ಬಿ ತೆಗೆಯೋಕಾಗದ್ದು ನೀನೇ ನೋಡಲಿಲ್ಲೇನು?"

ನೋಡಿದ್ದಳು.

"ಗಂಟು ಹಾಕೋದು, ಇಳಿಸೋದು ಎಲ್ಲ ಅವಳೇ ಮಾಡ್ತಾಳೆ ಬಿಡು. ಸಣ್ಣೋಳಿದ್ದಾಗಿಂದ ಕಲಿಸೀನಿ. ನನಗಿಂತ ಬಿಗಿ ಕಟ್ತಾಳೆ."

ಪುಷ್ಪಲತಾಳ ಕೈಯಲ್ಲಿ ಕಂದೀಲು ಒಮ್ಮೆ ಓಲಾಡಿ ನಿಂತಿತು. ಹಿಡಿಕೆಗೆ ಎರಡು ಸುತ್ತು, ಬಟ್ಟಲಿಗೆ ಅಡ್ಡಡ್ಡ ಒಂದು. ಬಿಗಿಯಾದ, ಎಳೆಯ ಬೆರಳಿನ ಗಂಟು.

ಅವಳು ಬೇಡ ಎನ್ನುವಷ್ಟರಲ್ಲಿ ದುರುಗಣ್ಣ ಅಂಗೈಯಿಂದಲೇ ಮೊಬೈಲು ಒತ್ತಿ ಮಗಳಿಗೆ ಹಚ್ಚಿಯಾಗಿತ್ತು. ಸ್ಪೀಕರು ಹಾಕಿದ. "ಲಚ್ಮೀ, ನಾಳೆ ಬೆಳಿಗ್ಗೆ ಹರಿಹರಕ್ಕೆ ಹೋಗೋದೈತೆ. ತೊಟ್ಟಿಗೆ ಕಂದೀಲು ಇಳಿಸಬೇಕಂತೆ. ನಿಮ್ಮ ಪುಷ್ಪಕ್ಕ ಕರೀತಾಳೆ, ಮಾತಾಡು."

ಆ ಕಡೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು.

"ಅಕ್ಕಾ," ಎಂದಿತು ಆಮೇಲೆ ಆ ಸಣ್ಣ ದನಿ. "ಉರಿಯೋ ಕಂದೀಲಾ?"

"ಹೂಂ," ಎಂದಳು ಪುಷ್ಪಲತಾ.

"ಬರ್ತೀನಿ ಅಕ್ಕಾ. ನೀನು ಕರೀತೀಯ ಅಂತ ಗೊತ್ತಿತ್ತು." ಹುಡುಗಿ ಉಸಿರು ಎಳೆದುಕೊಂಡಳು. "ಅಪ್ಪನ್ನ ಮಾತ್ರ ದೂರ ನಿಲ್ಲಿಸು. ಅವನಿಗೆ ಅದು ಗೊತ್ತಿಲ್ಲ."

ಫೋನು ಕಟ್ಟಾಯಿತು.

"ಏನು ಗೊತ್ತಿಲ್ಲ ನನಗೆ?" ದುರುಗಣ್ಣ ಇನ್ನೂ ನಗುತ್ತಲೇ ಕೇಳಿದ.

ಕಂದೀಲಿಗೆ ಗಂಟು ಹಾಕಿದ್ದು ಮಗಳು, ಅವಳನ್ನು ಮುಚ್ಚಿಡಲು ಅತ್ತಿದ್ದು ಅಪ್ಪ. ತೊಟ್ಟಿಯ ಗುಣ ಬಲ್ಲವರು ಲೋಕದಲ್ಲಿ ಈಗ ಮೂವರು: ಅವಳು, ಇನ್ಸ್‌ಪೆಕ್ಟರು, ಗಾದಿಯ ಮೇಲೆ ಅಕ್ಕಿ ಬಳಿಯುತ್ತ ಕೂತ ಸಾವ್ಕಾರ. ಲಕ್ಷ್ಮೀದೇವಿಗೆ ಅದನ್ನು ಹೇಳಬಹುದಾಗಿದ್ದವನು ಒಬ್ಬನೇ ಇದ್ದ. ಹಾಲು ತುಪ್ಪ ಕಾಣದೆ ಅವನು ಮಣ್ಣಿನಡಿ ಮಲಗಿದ್ದ.